ಗ್ಯಾಸ್ ಗೀಜರ್ ಸದ್ದು ಮಾಡಿದರೆ ಎಲ್ಲಿಂದ ಹುಡುಕಬೇಕು?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಮನೆಗಳಲ್ಲಿ ಗೀಜರ್ ವರ್ಷವಿಡೀ ದುಡಿಯುವುದಿಲ್ಲ. ಮಾರ್ಚ್ ಕಳೆಯುವಷ್ಟರಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರೇ ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ಆಗ ಆರಿಸಿದ ಗೀಜರ್ ಮತ್ತೆ ನೆನಪಾಗುವುದು ದೀಪಾವಳಿಯ ಎಣ್ಣೆಸ್ನಾನಕ್ಕೆ. ಅಷ್ಟು ತಿಂಗಳು ಧೂಳು ತಿನ್ನುತ್ತಾ ಗೋಡೆಯ ಮೇಲೆ ಕೂತಿದ್ದ ಯಂತ್ರಕ್ಕೆ ಒಮ್ಮೆಲೇ ಕೆಲಸ ಹೇಳಿದಾಗ ಅದು ಗುಡುಗುತ್ತದೆ, ಸೀಟಿ ಹೊಡೆಯುತ್ತದೆ, ಕೆಲವೊಮ್ಮೆ ಢಪ್ಪೆಂದು ಸಿಡಿದಂತೆ ಹೊತ್ತಿಕೊಳ್ಳುತ್ತದೆ. ರಿಪೇರಿಗೆ ಬಂದವರು ‘ಇದು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ’ ಎಂದುಬಿಟ್ಟರೆ ನಾಲ್ಕೈದು ಸಾವಿರ ಹೋಯಿತು. ನಮ್ಮ ಭಾಗದಲ್ಲಿ ಗೀಜರ್ ಸದ್ದಿಗೆ ಯಂತ್ರಕ್ಕಿಂತ ಹೆಚ್ಚಾಗಿ ನೀರು ಮತ್ತು ಧೂಳು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಇವೆರಡನ್ನೂ ಮನೆಯಲ್ಲೇ ಪರೀಕ್ಷಿಸಬಹುದು, ಬಹುಪಾಲು ಮನೆಯಲ್ಲೇ ಸರಿಪಡಿಸಲೂಬಹುದು.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ನೀರನ್ನು ಶೇಖರಿಸದೆ, ನಳ ತಿರುಗಿಸಿದ ಕೂಡಲೇ ಕಾಯಿಸಿ ಕೊಡುವ ಎಲ್‌ಪಿಜಿ ಗೀಜರ್ ಬಗ್ಗೆ. ಅದರ ಕೆಲಸದ ರೀತಿ ಸರಳ. ಬಿಸಿನೀರಿನ ನಳ ತೆರೆದಾಗ ಹರಿಯುವ ನೀರು ಒಳಗಿನ ರಬ್ಬರ್ ಪರದೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಒಂದು ಸಣ್ಣ ಸ್ವಿಚ್ ಕೂಡಿಕೊಂಡು ಸೆಲ್‌ಗಳ ವಿದ್ಯುತ್ತಿನಿಂದ ಕಿಡಿ ಹಾರುತ್ತದೆ, ಗ್ಯಾಸ್ ಬಾಗಿಲು ತೆರೆಯುತ್ತದೆ, ಬರ್ನರ್ ಹೊತ್ತುತ್ತದೆ. ಜ್ವಾಲೆಯ ಮೇಲಿರುವ ತಾಮ್ರದ ಪೆಟ್ಟಿಗೆಯ ಕೊಳವೆಗಳಲ್ಲಿ ನೀರು ಸುತ್ತಿ ಬರುವಷ್ಟರಲ್ಲಿ ಕಾಯುತ್ತದೆ. ನೀರು ನಿಂತರೆ ಜ್ವಾಲೆಯೂ ನಿಲ್ಲಬೇಕು. ಇಷ್ಟು ಮನಸ್ಸಿನಲ್ಲಿದ್ದರೆ ಯಾವ ಸದ್ದು ಯಾವ ಭಾಗದ್ದು ಎಂದು ಊಹಿಸುವುದು ಕಷ್ಟವಲ್ಲ.

ಮೊದಲು ಅಪಾಯದ ಗುರುತುಗಳು

ಸದ್ದಿನ ಪತ್ತೆಗೆ ಇಳಿಯುವ ಮುನ್ನ ಇವುಗಳಲ್ಲಿ ಒಂದಾದರೂ ಇದೆಯೇ ನೋಡಿ: ಗ್ಯಾಸಿನ ವಾಸನೆ, ಜ್ವಾಲೆ ನೀಲಿಯ ಬದಲು ಹಳದಿಯಾಗಿ ಉದ್ದಕ್ಕೆ ಆಡುವುದು, ಗೀಜರಿನ ಮೇಲ್ಭಾಗದಲ್ಲಿ ಅಥವಾ ಗೋಡೆಯ ಮೇಲೆ ಮಸಿ, ಸ್ನಾನ ಮಾಡುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ನಳ ಮುಚ್ಚಿದ ಮೇಲೂ ಜ್ವಾಲೆ ಉರಿಯುತ್ತಲೇ ಇರುವುದು. ಯಾವುದೇ ಒಂದು ಕಂಡರೂ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸಿನ ವಾಸನೆ ಇಲ್ಲದಿದ್ದರೆ ಮಾತ್ರ ಅಂದು ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಕೆಳಗೆ ಹೇಳುವ ಯಾವ ಪರೀಕ್ಷೆಯೂ ಆ ಗೀಜರಿಗೆ ಅಲ್ಲ. ಅದನ್ನು ತರಬೇತಿ ಪಡೆದವರೇ ನೋಡಬೇಕು.

ಗ್ಯಾಸಿನ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿಕೊಂಡು ನಿಲ್ಲುತ್ತದೆ. ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯಕ್ಕೆಂದೇ ಇರುವ ಸಂಖ್ಯೆ ಇದು.

ಹಳದಿ ಜ್ವಾಲೆ ಮತ್ತು ಮಸಿಯ ಬಗ್ಗೆ ಇನ್ನೊಂದು ಮಾತು. ಗ್ಯಾಸ್ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಮನುಷ್ಯ ಎಚ್ಚರ ತಪ್ಪಿ ಬೀಳಬಹುದು. ಗ್ಯಾಸ್ ಗೀಜರ್ ಬಚ್ಚಲಿನ ಒಳಗೆ ಇರಲೇಬಾರದು. ಗಾಳಿಯಾಡುವ ಅಂಗಳದ ಗೋಡೆ, ಬಾಲ್ಕನಿ ಅಥವಾ ಹಿತ್ತಲಿನ ಕಡೆ ಇಟ್ಟು, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರಬೇಕು. ಚಳಿ ಎಂದು ಕಿಟಕಿಗೆ ರಟ್ಟು ಅಂಟಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಈ ವಾರವೇ ಆ ರಟ್ಟು ಕಿತ್ತುಹಾಕಿ.

ಸದ್ದು ಯಾವ ಹೊತ್ತಿನಲ್ಲಿ?

ಮೇಲಿನ ಗುರುತುಗಳು ಯಾವುವೂ ಇಲ್ಲ ಎಂದಾದರೆ ಗೀಜರಿನ ಮುಂದೆ ನಿಂತು ಒಂದು ಸ್ನಾನದ ಹೊತ್ತು ಕಿವಿಗೊಟ್ಟು ಕೇಳಿ. ಸದ್ದು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಹೊತ್ತಿಕೊಳ್ಳುವ ಕ್ಷಣದಲ್ಲೋ, ಹೊತ್ತಿ ಅರ್ಧ ನಿಮಿಷ ಕಳೆದ ಮೇಲೋ, ನಳ ಮುಚ್ಚಿದಾಗಲೋ, ಎಲ್ಲ ಮುಗಿದ ಮೇಲೋ? ಮನೆಯ ಇನ್ನೊಬ್ಬರಿಗೆ ನಳ ತಿರುಗಿಸಲು ಹೇಳಿ, ನೀವು ಮೊಬೈಲಿನಲ್ಲಿ ಸದ್ದು ಮುದ್ರಿಸಿಕೊಳ್ಳಿ. ಮುಂದೆ ರಿಪೇರಿಯವರನ್ನು ಕರೆಯಬೇಕಾಗಿ ಬಂದರೆ ಆ ಮುದ್ರಣ ತುಂಬಾ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅವರು ಬಂದ ದಿನ ಗೀಜರ್ ಸುಮ್ಮನಿರುವುದು ಮಾಮೂಲು.

ಕೆಲವು ಸದ್ದುಗಳಿಗೆ ಹೆದರಬೇಕಾಗಿಲ್ಲ. ನಳ ತೆರೆದಾಗ ಒಂದೆರಡು ಸೆಕೆಂಡು ಟಿಕ್ ಟಿಕ್ ಎನ್ನುವುದು ಕಿಡಿಯದ್ದು. ಜ್ವಾಲೆ ಬಂದ ಮೇಲೆ ಕೇಳುವ ಒಂದೇ ಸಮನೆಯ ಮೆಲುವಾದ ಭರ್ರೆಂಬ ಸದ್ದು ಬರ್ನರಿನದ್ದು. ಸ್ನಾನ ಮುಗಿದ ಮೇಲೆ ಆಗಾಗ ಟಕ್ ಟಕ್ ಎನ್ನುವುದು ತಣ್ಣಗಾಗುತ್ತಿರುವ ತಾಮ್ರ, ತಗಡು ಮತ್ತು ಪೈಪುಗಳು ಕುಗ್ಗುವ ಸದ್ದು.

ಹೊತ್ತುವಾಗ ‘ಢಪ್’

ಇದನ್ನು ‘ಮೊದಲಿನಿಂದಲೂ ಹಾಗೇ’ ಎಂದು ಬಿಡಬಾರದು. ಗ್ಯಾಸ್ ಬಂದ ಕೂಡಲೇ ಕಿಡಿ ತಾಗದೆ, ಒಂದಿಷ್ಟು ಗ್ಯಾಸ್ ಪೆಟ್ಟಿಗೆಯೊಳಗೆ ಸೇರಿಕೊಂಡ ಮೇಲೆ ಒಟ್ಟಿಗೇ ಹೊತ್ತಿದಾಗ ಈ ಸದ್ದು ಬರುತ್ತದೆ. ದಿನ ಕಳೆದಂತೆ ಮುಂದಿನ ಮುಚ್ಚಳ ಉಬ್ಬುತ್ತದೆ, ಕೆಲವೊಮ್ಮೆ ಜ್ವಾಲೆ ಹೊರಗೆ ಚಿಮ್ಮುತ್ತದೆ.

ಮೊದಲು ಸೆಲ್ ನೋಡಿ. ಹೆಚ್ಚಿನ ಮಾದರಿಗಳಲ್ಲಿ ಕೆಳಗಿನ ಡಬ್ಬಿಯೊಳಗೆ ಬ್ಯಾಟರಿ ಲೈಟಿಗೆ ಹಾಕುವಂಥ ಎರಡು ದೊಡ್ಡ ಸೆಲ್ ಇರುತ್ತವೆ. ಹೊಸದಾಗಿದ್ದಾಗ ಎರಡೂ ಸೇರಿ 3 ವೋಲ್ಟ್. ಹೋದ ಚಳಿಗಾಲದಲ್ಲಿ ಹಾಕಿ ಹಾಗೇ ಬಿಟ್ಟ ಸೆಲ್‌ಗಳು ಬೇಸಿಗೆಯ ಕಾವಿಗೆ ಸೋರಿ, ತಗಡಿನ ಸ್ಪ್ರಿಂಗಿಗೆ ಹಸಿರು-ಬಿಳಿ ಪುಡಿ ಮೆತ್ತಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ನಯವಾದ ಸ್ಯಾಂಡ್ ಪೇಪರಿನಿಂದ ಸ್ಪ್ರಿಂಗ್ ಹೊಳೆಯುವವರೆಗೆ ಉಜ್ಜಿ. ಎರಡೂ ಸೆಲ್ ಒಟ್ಟಿಗೇ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಹೊಸದೂ ಬೇಗ ಸೋಲುತ್ತದೆ. ಬೇಸಿಗೆ ಬಂದಾಗ ಸೆಲ್ ತೆಗೆದಿಡುವುದನ್ನು ರೂಢಿ ಮಾಡಿಕೊಳ್ಳಿ.

ಹೊಸ ಸೆಲ್ ಹಾಕಿದ ಮೇಲೂ ಢಪ್ ಎಂದರೆ ಅನುಮಾನ ಧೂಳಿನ ಮೇಲೆ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರದ ಸುತ್ತ ಕಲ್ಲಿದ್ದಲಿನ ಬೂದಿ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿ. ಬರ್ನರಿಗೆ ಗ್ಯಾಸಿನ ಜೊತೆ ಗಾಳಿ ಸೇರಿಕೊಳ್ಳುವ ಸಣ್ಣ ಬಾಯಿಗಳಿರುತ್ತವೆ. ಏಳೆಂಟು ತಿಂಗಳು ಬಳಸದೆ ಬಿಟ್ಟರೆ ಆ ಬಾಯಿಗಳಲ್ಲಿ ಧೂಳು ಕೂರುತ್ತದೆ, ಜೇಡ ಬಲೆ ಕಟ್ಟುತ್ತದೆ. ಆಗ ಬರ್ನರಿನ ಒಂದು ಬದಿ ಮೊದಲು ಹೊತ್ತಿ, ಇನ್ನೊಂದು ಬದಿ ತಡವಾಗಿ ಹಿಡಿಯುತ್ತದೆ. ಗಾಜಿನ ಕಿಂಡಿಯ ಮೂಲಕ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಜ್ವಾಲೆಯ ಸಾಲು ಎಡದಿಂದ ಬಲಕ್ಕೆ ಓಡಿದಂತೆ ಹೊತ್ತುತ್ತದೆ, ನಡುವೆ ಒಂದೆರಡು ಹಲ್ಲು ಬಿದ್ದಂತೆ ಖಾಲಿ ಜಾಗ ಉಳಿಯುತ್ತದೆ.

ರೆಗ್ಯುಲೇಟರ್ ಬಂದ್ ಮಾಡಿ, ಸೆಲ್ ತೆಗೆದು, ಗೀಜರಿನ ಹೊರಮೈ, ಕೆಳಭಾಗದ ಮತ್ತು ಪಕ್ಕದ ಗಾಳಿಕಿಂಡಿಗಳನ್ನು ಒಣ ಬ್ರಷ್‌ನಿಂದ ನೀವೇ ಸ್ವಚ್ಛ ಮಾಡಬಹುದು. ಬರ್ನರ್, ಗ್ಯಾಸ್ ಜೆಟ್, ಕಿಡಿಕಡ್ಡಿ ಇವುಗಳನ್ನು ಮಾತ್ರ ನೀವು ಬಿಚ್ಚಬೇಡಿ. ಜೆಟ್ಟಿನ ತೂತಿಗೆ ಪಿನ್ನು ಹಾಕಿ ತಿವಿದರೆ ತೂತು ಹಿರಿದಾಗಿ, ಗ್ಯಾಸ್ ಅಳತೆ ಮೀರಿ ಬಂದು, ಇದ್ದ ತೊಂದರೆ ದೊಡ್ಡ ತೊಂದರೆಯಾಗುತ್ತದೆ.

ಸಿಲಿಂಡರ್ ಬದಲಿಸಿದ ದಿನ ಒಂದೆರಡು ಸಲ ಹೀಗಾದರೆ ಪೈಪಿನಲ್ಲಿ ಸೇರಿದ ಗಾಳಿ ಕಾರಣ, ತಾನೇ ಸರಿಹೋಗುತ್ತದೆ.

ಹೊತ್ತಿದ ಮೇಲೆ ಮಂಡಕ್ಕಿ ಹುರಿಯುವ ಸದ್ದು

ನಮ್ಮ ಭಾಗದ ಗೀಜರ್‌ಗಳ ದೊಡ್ಡ ಕಾಯಿಲೆ ಇದು. ಹೊತ್ತಿ ಸ್ವಲ್ಪ ಹೊತ್ತಾದ ಮೇಲೆ ಭಟ್ಟಿಯಲ್ಲಿ ಮಂಡಕ್ಕಿ ಹುರಿದಂತೆ ಚಟಚಟ ಶುರುವಾಗಿ, ಆಮೇಲೆ ಗುಡುಗುಡು ಎಂದು ಪೆಟ್ಟಿಗೆಯೇ ನಡುಗುತ್ತದೆ. ತಾಮ್ರದ ಕೊಳವೆಯೊಳಗೆ ನೀರು ಅಲ್ಲಲ್ಲಿ ಕುದಿದು, ಹಬೆಯ ಗುಳ್ಳೆಗಳು ಹುಟ್ಟಿ, ಮುಂದಿನ ತಣ್ಣೀರಿಗೆ ತಾಗಿ ಒಡೆಯುವ ಸದ್ದು ಅದು. ನೀರು ಕುದಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣ: ಹರಿವು ಕಡಿಮೆಯಾಗಿರಬೇಕು, ಇಲ್ಲವೇ ಕೊಳವೆಯ ಒಳಗೋಡೆಗೆ ಸುಣ್ಣ ಕಟ್ಟಿರಬೇಕು. ಹೆಚ್ಚಿನ ಮನೆಗಳಲ್ಲಿ ಎರಡೂ ಇರುತ್ತವೆ.

ಹರಿವನ್ನು ಮೊದಲು ಅಳೆಯಿರಿ, ಏಕೆಂದರೆ ಅದಕ್ಕೆ ಖರ್ಚಿಲ್ಲ. ರೆಗ್ಯುಲೇಟರ್ ಬಂದ್ ಮಾಡಿ, ಸೆಲ್ ತೆಗೆದು, ಗೀಜರಿನ ನೀರಿನ ಗುಬಟೆಯನ್ನೂ (ತಿರುಗಿಸುವ ನಾಬ್) ಬಿಸಿನೀರಿನ ನಳವನ್ನೂ ಪೂರ್ತಿ ತೆರೆದು 10 ಲೀಟರಿನ ಬಕೆಟ್ ಇಡಿ. ನಿಮಿಷಕ್ಕೆ 6 ಲೀಟರ್ ಎಂದು ಬರೆದಿರುವ ಸಾಮಾನ್ಯ ಗೀಜರಿನಲ್ಲಿ ಅದು ಸುಮಾರು 100 ಸೆಕೆಂಡಿನಲ್ಲಿ ತುಂಬಬೇಕು. 200 ಸೆಕೆಂಡ್ ಹಿಡಿದರೆ ಹರಿವು ಅರ್ಧಕ್ಕೆ ಇಳಿದಿದೆ ಎಂದರ್ಥ. ಲೆಕ್ಕ ನೋಡಿ: ನಿಮಿಷಕ್ಕೆ 6 ಲೀಟರ್ ಹರಿಯುವಾಗ 25 ಡಿಗ್ರಿ ಏರಿಸುವ ಬೆಂಕಿ, 3 ಲೀಟರ್ ಹರಿಯುವಾಗ 50 ಡಿಗ್ರಿ ಏರಿಸುತ್ತದೆ. ಟ್ಯಾಂಕಿನ ನೀರು 30 ಡಿಗ್ರಿ ಇದ್ದರೆ ಹೊರಬರುವುದು 80 ಡಿಗ್ರಿಗೆ. ಕೊಳವೆಯ ಗೋಡೆಗೆ ತಾಗಿದ ನೀರು ಅದಕ್ಕೂ ಹೆಚ್ಚು ಕಾದು ಕುದಿಯುತ್ತದೆ. ಸದ್ದು ಬಿಡಿ, ಮಕ್ಕಳ ಮೈ ಸುಡಲು ಅಷ್ಟೇ ಸಾಕು.

ಇಲ್ಲಿಯೇ ನಮ್ಮ ಬಿಸಿಲಿನ ಪಾಲೂ ಬರುತ್ತದೆ. ಅಕ್ಟೋಬರ್‌ನಲ್ಲಿ, ಫೆಬ್ರುವರಿಯ ಕೊನೆಯಲ್ಲಿ ಕರಿ ಟ್ಯಾಂಕಿನ ನೀರು ಸಂಜೆ ಹೊತ್ತಿಗೆ ಆಗಲೇ ಬೆಚ್ಚಗಿರುತ್ತದೆ. ಗೀಜರಿನ ಗುಬಟೆ ಮಾತ್ರ ಡಿಸೆಂಬರ್‌ನಲ್ಲಿ ಇಟ್ಟಂತೆ ಚಳಿಗಾಲದ ಗುರುತಿನ ಮೇಲೇ ಇರುತ್ತದೆ. ಬೆಳಿಗ್ಗೆ ಸುಮ್ಮನಿದ್ದು ಸಂಜೆ ಮಾತ್ರ ಗುಡುಗುವ ಗೀಜರಿಗೆ ಬೇರೆ ಔಷಧ ಬೇಡ: ಬೇಸಿಗೆಯ ಗುರುತಿಗೆ ತಿರುಗಿಸಿ, ಗ್ಯಾಸಿನ ಗುಬಟೆಯನ್ನು ತಗ್ಗಿಸಿ.

ನೀರು ತೀರಾ ಬಿಸಿಯಾದಾಗ ಹೆಚ್ಚಿನವರು ಬಿಸಿನೀರಿನ ನಳವನ್ನು ಸಣ್ಣದು ಮಾಡಿ, ತಣ್ಣೀರಿನ ನಳವನ್ನು ದೊಡ್ಡದು ಮಾಡುತ್ತಾರೆ. ಗೀಜರಿನ ಮಟ್ಟಿಗೆ ಇದು ತಿರುಗುಮುರುಗು ಕ್ರಮ. ಬಿಸಿನೀರಿನ ನಳ ಸಣ್ಣದಾದಷ್ಟೂ ಒಳಗೆ ಹರಿವು ತಗ್ಗಿ ನೀರು ಮತ್ತಷ್ಟು ಕಾಯುತ್ತದೆ, ಸದ್ದೂ ಹೆಚ್ಚುತ್ತದೆ. ಬಿಸಿನೀರಿನ ನಳ ಪೂರ್ತಿ ತೆರೆದೇ ಇರಲಿ, ಬಿಸಿ ಕಡಿಮೆ ಮಾಡುವುದು ಗ್ಯಾಸಿನ ಗುಬಟೆಯಲ್ಲಿ. ಮನೆಯ ಎಲ್ಲರಿಗೂ ಇದನ್ನು ಒಮ್ಮೆ ತೋರಿಸಿಕೊಡಿ.

ಹರಿವು ಕಡಿಮೆ ಇದ್ದರೆ ಮುಂದೆ ನೋಡಬೇಕಾದ್ದು ಜಾಲರಿ. ತಣ್ಣೀರು ಗೀಜರನ್ನು ಸೇರುವ ಜಾಗದಲ್ಲಿ, ಕೊಳವೆಯ ನಟ್ ಒಳಗೆ, ಬೆರಳಿನ ತುದಿಯಷ್ಟು ದೊಡ್ಡ ಜಾಲರಿ ಇರುತ್ತದೆ. ನೀರಿನ ವಾಲ್ವ್ ಮುಚ್ಚಿ, ನಳ ತೆರೆದು ಒತ್ತಡ ಇಳಿಸಿ, ನಟ್ ಬಿಚ್ಚಿ ಅದನ್ನು ಹೊರತೆಗೆಯಿರಿ. ಮಳೆಗಾಲದಲ್ಲಿ ತುಂಗಭದ್ರೆಯ ಕೆಂಪು ನೀರು ಬಂದು ಟ್ಯಾಂಕಿನ ತಳದಲ್ಲಿ ಕೆಸರು ನಿಂತ ಮನೆಯಾದರೆ ಜಾಲರಿಗೆ ಸಣ್ಣ ಮರಳು, ಬಿಳಿ ಸುಣ್ಣದ ಚಕ್ಕೆ, ಹಳೆಯ ವಾಷರಿನ ಕಪ್ಪು ರಬ್ಬರ್ ಚೂರುಗಳು ಅಂಟಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬೆಳಕಿಗೆ ಹಿಡಿದು ಪ್ರತಿ ಕಣ್ಣೂ ತೆರೆದಿದೆಯೇ ನೋಡಿ. ಬಚ್ಚಲಿನ ಷವರಿನ ತೂತುಗಳನ್ನೂ ಇದೇ ಸಲ ಸ್ವಚ್ಛ ಮಾಡಿ. ಹೊರಹೋಗುವ ದಾರಿ ಕಟ್ಟಿಕೊಂಡರೂ ಹರಿವು ತಗ್ಗುತ್ತದೆ. ಟ್ಯಾಂಕ್ ತೊಳೆಸಿದ ಮರುದಿನ ಗೀಜರ್ ಸದ್ದು ಶುರುವಾಗಿದ್ದರೆ ಕಾರಣ ಜಾಲರಿಯೇ ಇರುವ ಸಂಭವ ಹೆಚ್ಚು.

ಸುಣ್ಣ ಬಿಡಿಸುವ ಕೆಲಸ

ಜಾಲರಿ ಸ್ವಚ್ಛವಾಗಿ, ಗುಬಟೆಗಳು ಸರಿಯಿದ್ದೂ ಗುಡುಗು ನಿಲ್ಲದಿದ್ದರೆ ಕೊಳವೆಯೊಳಗೆ ಸುಣ್ಣ ಕಟ್ಟಿದೆ. ನಮ್ಮ ಊರುಗಳ ಬೋರ್ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಕಲ್ಲಿನಂತೆ ಅಂಟುತ್ತದೆ. ನೀರು ಹೆಚ್ಚು ಕಾದಷ್ಟೂ ಹೆಚ್ಚು ಅಂಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನಿಮ್ಮ ನೀರಿನ ಸ್ಥಿತಿ ತಿಳಿಯಲು ಸ್ಟೀಲ್ ಪಾತ್ರೆಯ ತಳದ ಬಿಳಿ ಪದರ ಮತ್ತು ನೊರೆ ಬರದ ಸಾಬೂನು ಸಾಕು. ಕಾಲುವೆಯ ಅಥವಾ ಹೊಳೆಯ ನೀರು ಬರುವ ತಿಂಗಳುಗಳಲ್ಲಿ ಸುಮ್ಮನಿದ್ದ ಗೀಜರ್, ಕಾಲುವೆ ನಿಂತು ಮನೆಯವರು ಬೋರ್ ನೀರಿಗೆ ತಿರುಗಿದ ಮೇಲೆ ಸದ್ದು ಶುರುಮಾಡುವುದು ಇದಕ್ಕಾಗಿಯೇ.

ಸುಣ್ಣ ಕರಗಿಸಲು ಸಿಟ್ರಿಕ್ ಆಮ್ಲ ಬೇಕು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿ. ನೀರನ್ನು ಸುತ್ತಿಸಲು ಪಂಪ್ ಬೇಕು, ಅದೂ ನಮ್ಮ ಮನೆಗಳಲ್ಲಿ ಇದ್ದೇ ಇದೆ: ಏರ್ ಕೂಲರಿನ ಪುಟ್ಟ ಮುಳುಗು ಪಂಪ್. ಗೀಜರ್ ಬೇಕಾಗುವ ಚಳಿಗಾಲದಲ್ಲಿ ಕೂಲರ್ ಅಟ್ಟದ ಮೇಲೆ ಖಾಲಿ ಕೂತಿರುತ್ತದೆ. ಇವುಗಳ ಜೊತೆಗೆ ಎರಡು ಮೊಳ ಪ್ಲಾಸ್ಟಿಕ್ ಪೈಪ್, ಅರ್ಧ ಇಂಚಿನ ನಿಪ್ಪಲ್ ಮತ್ತು ಎರಡು ಕ್ಲಿಪ್ ಹಾರ್ಡ್‌ವೇರ್ ಅಂಗಡಿಯಿಂದ ತಂದುಕೊಳ್ಳಿ.

1. ರೆಗ್ಯುಲೇಟರ್ ಬಂದ್ ಮಾಡಿ. ಸೆಲ್ ತೆಗೆಯಿರಿ, ಫ್ಯಾನ್ ಇರುವ ಮಾದರಿಯಾದರೆ ಪ್ಲಗ್ ಕೂಡ ಕೀಳಿ. ಇದನ್ನು ಮರೆಯಬಾರದು, ಏಕೆಂದರೆ ಪಂಪಿನ ನೀರು ಹರಿದರೂ ಗೀಜರ್ ಹೊತ್ತಿಕೊಳ್ಳಲು ನೋಡುತ್ತದೆ.

2. ಗೀಜರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಳ ತೆರೆದು ಒಳಗಿನ ಒತ್ತಡ ಇಳಿಸಿ. ಗೀಜರ್ ಆಗಷ್ಟೇ ಉರಿದಿದ್ದರೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

3. ತಣ್ಣೀರಿನ ಮತ್ತು ಬಿಸಿನೀರಿನ ಕನೆಕ್ಷನ್ ಪೈಪುಗಳನ್ನು ಗೋಡೆಯ ಕಡೆಯ ತುದಿಯಲ್ಲಿ ಬಿಚ್ಚಿ. ಗೀಜರಿನ ಕಡೆಯ ನಟ್ ಮುಟ್ಟುವ ಅಗತ್ಯವಿಲ್ಲ; ಅಲ್ಲಿನ ಹಿತ್ತಾಳೆಯ ಎಳೆ ಮೆತ್ತಗಿರುತ್ತದೆ, ಜೋರಾಗಿ ತಿರುವಿದರೆ ಕೆಡುತ್ತದೆ.

4. ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ ಕಾಲು ಕಿಲೋ ನಿಂಬೆ ಉಪ್ಪು ಕರಗಿಸಿ. ಬೆಚ್ಚಗಿನ ನೀರಾದರೆ ಕೆಲಸ ಬೇಗ. ಕುದಿಯುವ ನೀರು ಬೇಡ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

5. ಕೂಲರ್ ಪಂಪ್ ಹೆಚ್ಚು ಎತ್ತರಕ್ಕೆ ನೀರು ಎತ್ತಲಾರದು. ಆದ್ದರಿಂದ ಬಕೆಟ್ಟನ್ನು ಗಟ್ಟಿ ಸ್ಟೂಲಿನ ಮೇಲೆ, ಗೀಜರಿಗಿಂತ ಒಂದೆರಡು ಅಡಿ ಕೆಳಗೆ ಬರುವಂತೆ ಇಡಿ. ಪಂಪಿನ ಪೈಪನ್ನು ತಣ್ಣೀರಿನ ತುದಿಗೆ ಕ್ಲಿಪ್ ಹಾಕಿ ಸೇರಿಸಿ. ಬಿಸಿನೀರಿನ ತುದಿ ಅದೇ ಬಕೆಟ್ಟಿಗೆ ಮರಳಿ ಬರಲಿ.

6. ಪಂಪಿನ ವೈರ್ ಎಲ್ಲಿಯೂ ಸೀಳಿರಬಾರದು, ಪ್ಲಗ್ ಅರ್ಥಿಂಗ್ ಇರುವ ಸಾಕೆಟ್ಟಿಗೆ ಹೋಗಬೇಕು. ಪಂಪ್ ಓಡುವಾಗ ಬಕೆಟ್ಟಿಗೆ ಕೈ ಹಾಕಲೇಬೇಡಿ. ಏನೇ ಸರಿಪಡಿಸುವುದಿದ್ದರೂ ಪ್ಲಗ್ ಕಿತ್ತ ಮೇಲೆ.

7. ಅರ್ಧದಿಂದ ಮುಕ್ಕಾಲು ಗಂಟೆ ಸುತ್ತಲು ಬಿಡಿ. ಮೊದಲ ಕೆಲವು ನಿಮಿಷ ಮರಳಿ ಬರುವ ನೀರಿನಲ್ಲಿ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತದೆ, ನೀರು ಮಬ್ಬಾಗುತ್ತದೆ, ಬಕೆಟ್ಟಿನ ತಳಕ್ಕೆ ಬಿಳಿ ಚಕ್ಕೆ ಬಂದು ಬೀಳುತ್ತದೆ. ಗುಳ್ಳೆ ನಿಂತರೆ ಸುಣ್ಣ ಮುಗಿಯಿತು, ಇಲ್ಲವೇ ಆಮ್ಲದ ಶಕ್ತಿ ಮುಗಿಯಿತು. ನೀರು ತೀರಾ ಕೊಳಕಾಗಿದ್ದರೆ ಹೊಸ ದ್ರಾವಣ ಮಾಡಿ ಇನ್ನೊಂದು ಸುತ್ತು ಓಡಿಸಿ. ನೀರಿಗೆ ನೀಲಿ-ಹಸಿರು ಛಾಯೆ ಬರತೊಡಗಿದರೆ ತಾಮ್ರ ಕರಗುತ್ತಿದೆ ಎಂದರ್ಥ, ಕೂಡಲೇ ನಿಲ್ಲಿಸಿ.

8. ಬಕೆಟ್ ತೊಳೆದು ಶುದ್ಧ ನೀರು ತುಂಬಿ ಐದು ನಿಮಿಷ ಓಡಿಸಿ, ಆ ನೀರು ಚೆಲ್ಲಿ. ಪೈಪುಗಳನ್ನು ಹೊಸ ವಾಷರ್ ಹಾಕಿ ಮರಳಿ ಜೋಡಿಸಿ, ಟ್ಯಾಂಕಿನ ನೀರನ್ನು ಎರಡು ಮೂರು ನಿಮಿಷ ಹಾಗೇ ಹರಿಯಬಿಡಿ. ಸೋರಿಕೆ ಇಲ್ಲವೆಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಸೆಲ್ ಹಾಕಿ, ಗ್ಯಾಸ್ ತೆರೆಯಿರಿ. ಬಕೆಟ್ ಪರೀಕ್ಷೆ ಇನ್ನೊಮ್ಮೆ ಮಾಡಿದರೆ ಎಷ್ಟು ಸುಧಾರಿಸಿತು ಎಂಬುದು ಸೆಕೆಂಡಿನ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕೂಲರ್ ಪಂಪಿಗೂ ಇದೇ ನೀರಿನ ಸುಣ್ಣ ಹಿಡಿದಿರುತ್ತದೆ, ಈ ನೆಪದಲ್ಲಿ ಅದೂ ಶುದ್ಧವಾಗುತ್ತದೆ.

ನೆಲದ ಟೈಲ್ಸ್ ತೊಳೆಯುವ, ಶೌಚಾಲಯಕ್ಕೆ ಹಾಕುವ ಆಸಿಡ್ಡನ್ನು ಗೀಜರಿಗೆ ಹಾಕಿ ‘ಐದೇ ನಿಮಿಷದಲ್ಲಿ ಕ್ಲೀನ್’ ಮಾಡಿಕೊಡುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಜೊತೆಗೆ ಹಿತ್ತಾಳೆ, ತಾಮ್ರ, ಬೆಸುಗೆಯನ್ನೂ ತಿನ್ನುತ್ತದೆ. ಒಪ್ಪಬೇಡಿ. ನಿಂಬೆ ಉಪ್ಪಾಗಲಿ ಆಸಿಡ್ಡಾಗಲಿ ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಬಾರದು, ವಿಷಕಾರಿ ಕ್ಲೋರಿನ್ ಏಳುತ್ತದೆ. ಗೀಜರ್ ತೀರಾ ಹಳೆಯದಾಗಿದ್ದರೆ ಇನ್ನೊಂದು ಸಾಧ್ಯತೆಗೂ ಸಿದ್ಧರಿರಿ: ಕೊಳವೆಯ ಸಣ್ಣ ತೂತನ್ನು ಸುಣ್ಣವೇ ಮುಚ್ಚಿ ಹಿಡಿದಿರಬಹುದು, ಸುಣ್ಣ ಹೋದ ಮೇಲೆ ಹನಿ ಸೋರತೊಡಗಬಹುದು. ಹಾಗಾದರೆ ಆ ಪೆಟ್ಟಿಗೆಯ ಆಯುಷ್ಯ ಮೊದಲೇ ಮುಗಿದಿತ್ತು.

ಬೋರ್ ನೀರನ್ನೇ ನೆಚ್ಚಿದ ಮನೆಯಲ್ಲಿ ವರ್ಷಕ್ಕೊಮ್ಮೆ, ಗೀಜರ್ ಶುರುಮಾಡುವ ಮುನ್ನ ಇದನ್ನು ಮಾಡುವುದು ಒಳ್ಳೆಯದು. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಸುಣ್ಣ ಕಟ್ಟುವುದಿಲ್ಲ ಎಂದು ಮಾರುವ ಸಾಧನಗಳಿಗೆ ಹಣ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೀರಿನ ಗಡಸು ತೆಗೆಯುವ, ಉಪ್ಪು ಹಾಕಿ ಪುನಶ್ಚೇತನಗೊಳಿಸುವ ರಾಳದ ಸಾಫ್ಟ್‌ನರ್ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಒಂದು ಗೀಜರಿಗೋಸ್ಕರ ಅಷ್ಟು ಖರ್ಚು ಬೇಕೇ ಎಂಬುದು ನಿಮ್ಮ ಮನೆಯ ಲೆಕ್ಕ.

ಸೀಟಿ ಮತ್ತು ಅಬ್ಬರ

ಸುಯ್ ಎಂಬ ಸಣ್ಣ ಸೀಟಿ ನೀರಿನ ಕಡೆಯಿಂದ ಬರುತ್ತಿದ್ದರೆ ಎಲ್ಲೋ ಒಂದು ವಾಲ್ವ್ ಅರ್ಧ ಮುಚ್ಚಿದೆ ಅಥವಾ ವಾಷರ್ ಸವೆದಿದೆ. ಗ್ಯಾಸಿನ ಕಡೆಯಿಂದ ಬರುತ್ತಿದ್ದರೆ ರಬ್ಬರ್ ಹೋಸ್ ಎಲ್ಲಿಯೂ ಮಡಚಿಲ್ಲವೇ, ಸಿಲಿಂಡರಿನ ಕೆಳಗೆ ಸಿಕ್ಕಿಲ್ಲವೇ ನೋಡಿ. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್‌ಗೆ 5 ವರ್ಷದ ಅವಧಿ. ಅದರ ಮೈಮೇಲೇ ಅಚ್ಚಾಗಿರುತ್ತದೆ, ಮೀರಿದ್ದರೆ ಬದಲಿಸಿ. ಸೋರಿಕೆಯ ಪರೀಕ್ಷೆ ಸಾಬೂನಿನ ನೊರೆಯಿಂದ ಮಾತ್ರ.

ಜ್ವಾಲೆ ಬರ್ನರಿನಿಂದ ಎದ್ದು ಹಾರುವಂತೆ ಅಬ್ಬರಿಸುತ್ತಿದ್ದರೆ ಗ್ಯಾಸಿನ ಒತ್ತಡ ಹೆಚ್ಚಿದೆ. ಮನೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್; ಗೀಜರ್ ತಯಾರಾಗಿರುವುದು ಅದಕ್ಕೆ. ಖಾನಾವಳಿಯಲ್ಲಿ ಬಳಸುವ ಹೆಚ್ಚಿನ ಒತ್ತಡದ ರೆಗ್ಯುಲೇಟರನ್ನು ಗೀಜರಿಗೆ ಹಾಕಿದ್ದರೆ ಇವತ್ತೇ ತೆಗೆಸಿ.

ಹೊತ್ತಿ ಆರಿ, ಮತ್ತೆ ಹೊತ್ತಿ ಆರುವುದು

ಟ್ಯಾಂಕ್ ಬಚ್ಚಲಿನ ಮೇಲೆಯೇ, ಏಳೆಂಟು ಅಡಿ ಎತ್ತರದಲ್ಲಿದ್ದರೆ ನೀರಿನ ಒತ್ತಡ ಗೀಜರಿನ ಕನಿಷ್ಠ ಮಿತಿಯ ಅಂಚಿನಲ್ಲಿರುತ್ತದೆ. ಒಂದು ಮೀಟರ್ ಎತ್ತರಕ್ಕೆ ಸಿಗುವುದು 0.1 ಬಾರ್ ಮಾತ್ರ. ಅಡುಗೆಮನೆಯಲ್ಲಿ ಯಾರಾದರೂ ನಳ ತೆರೆದರೆ ಸಾಕು, ರಬ್ಬರ್ ಪರದೆ ಹಿಂದೆ ಸರಿದು ಜ್ವಾಲೆ ಆರುತ್ತದೆ, ಮರುಕ್ಷಣ ಮತ್ತೆ ಹೊತ್ತುತ್ತದೆ. ಜಾಲರಿ ಮತ್ತು ಷವರ್ ಸ್ವಚ್ಛವಿದ್ದೂ ಹೀಗಾದರೆ ಟ್ಯಾಂಕಿನ ಕಟ್ಟೆ ಎತ್ತರಿಸಬೇಕು ಅಥವಾ ಸಣ್ಣ ಪ್ರೆಷರ್ ಪಂಪ್ ಹಾಕಬೇಕು. ಪರದೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ. ಆಗ ಗೀಜರಿನ ಕೆಳಭಾಗದಿಂದ ಹನಿ ಬೀಳುತ್ತಿರಲೂಬಹುದು.

ನಳ ಮುಚ್ಚಿದಾಗ ‘ಧಡ್’

ಇದು ಗೀಜರಿನದ್ದಲ್ಲ, ಪೈಪಿನದ್ದು. ವೇಗವಾಗಿ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತಾಗ ಅದರ ಹೊಡೆತ ಪೈಪಿಗೆ ಬೀಳುತ್ತದೆ. ಒಂದೇ ಹಿಡಿಕೆಯ ನಳ, ಮಾಳಿಗೆಯ ಮೇಲೆ ಪ್ರೆಷರ್ ಪಂಪ್ ಇರುವ ಮನೆಗಳಲ್ಲಿ ಹೆಚ್ಚು. ನಳವನ್ನು ನಿಧಾನವಾಗಿ ಮುಚ್ಚಿ ನೋಡಿ. ಸದ್ದು ಬರದಿದ್ದರೆ ಕಾರಣ ಖಚಿತವಾಯಿತು. ಸಡಿಲ ಪೈಪುಗಳಿಗೆ ಕ್ಲಾಂಪ್ ಹಾಕಿಸಿ, ಗೀಜರನ್ನು ಗೋಡೆಗೆ ಹಿಡಿದಿರುವ ಸ್ಕ್ರೂ ಬಿಗಿ ಮಾಡಿಸಿ, ಪಂಪಿನ ಒತ್ತಡ ತಗ್ಗಿಸಿ.

ನಗರಸಭೆಯ ನೀರು ದಿನ ಬಿಟ್ಟು ದಿನ ಬರುವಲ್ಲಿ ಟ್ಯಾಂಕ್ ಖಾಲಿಯಾಗಿ ಪೈಪಿಗೆ ಗಾಳಿ ಸೇರಿ, ನಳ ಗರ್ ಗರ್ ಎಂದು ಉಗುಳುವುದೂ ಇದೆ. ಗ್ಯಾಸ್ ಬಂದ್ ಮಾಡಿ, ಸೆಲ್ ತೆಗೆದು, ಬಿಸಿನೀರಿನ ನಳ ಪೂರ್ತಿ ತೆರೆದು ನೀರು ಒಂದೇ ಸಮನೆ ಬರುವವರೆಗೆ ಹರಿಯಬಿಡಿ.

ಕರೆಂಟಿನ ಇನ್‌ಸ್ಟಂಟ್ ಗೀಜರ್ ಆದರೆ

3 ಲೀಟರಿನ, 3 ಕಿಲೋವಾಟ್‌ನ ಪುಟ್ಟ ಗೀಜರಿನಲ್ಲೂ ಚಟಚಟ ಸದ್ದಿಗೆ ಸುಣ್ಣವೇ ಕಾರಣ, ಆದರೆ ಅದು ಕಾಯಿಸುವ ಕಡ್ಡಿಯ ಮೇಲೆ ಕೂತಿರುತ್ತದೆ. ಕಡ್ಡಿ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ಗಮನಿಸಬೇಕಾದದ್ದು ಜುಯ್ ಎಂಬ ಸದ್ದು. 3 ಕಿಲೋವಾಟ್ ಎಂದರೆ 13 ಆಂಪಿಯರ್ ವಿದ್ಯುತ್. ಪ್ಲಗ್ಗಿನ ಪಿನ್ ಸಡಿಲವಿದ್ದರೆ ಸಾಕೆಟ್ಟಿನಲ್ಲೇ ಕಿಡಿ ಹಾರುತ್ತಾ ಜುಯ್ಗುಡುತ್ತದೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಎಂಸಿಬಿ ಇಳಿಸಿ, 16 ಆಂಪಿಯರಿನ ಹೊಸ ಸಾಕೆಟ್ ಹಾಕಿಸುವವರೆಗೆ ಬಳಸಬೇಡಿ.

ರಿಪೇರಿಯವರನ್ನು ಕರೆದಾಗ

ಕಂಪನಿಯ ಸೇವಾ ಕೇಂದ್ರದವರನ್ನೋ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅವರನ್ನೋ ಕರೆಯಿರಿ. ಸದ್ದಿನ ಮುದ್ರಣ ಕೇಳಿಸಿ. ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬಿತು, ಸೆಲ್ ಯಾವಾಗ ಹಾಕಿದಿರಿ, ಸುಣ್ಣ ಯಾವಾಗ ಬಿಡಿಸಿದಿರಿ ಎಂದು ಹೇಳಿ. ಆಗ ‘ಹೊಸದು ತಗೊಳ್ಳಿ’ ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಬರ್ನರ್ ಮತ್ತು ಕಿಡಿಕಡ್ಡಿ ಸ್ವಚ್ಛ ಮಾಡಲು, ತಾಮ್ರದ ಪೆಟ್ಟಿಗೆಯ ರೆಕ್ಕೆಗಳ ನಡುವಿನ ಮಸಿ ತೆಗೆಯಲು, ರಬ್ಬರ್ ಪರದೆ ನೋಡಲು ಹೇಳಿ ಮತ್ತು ಪಕ್ಕದಲ್ಲೇ ನಿಂತು ನೋಡಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ನಾಲ್ಕೈದು ಸಲ ನಳ ತೆರೆದು ಮುಚ್ಚಿ: ಪ್ರತಿ ಸಲವೂ ಢಪ್ಪೆನ್ನದೆ ಹೊತ್ತಬೇಕು, ಜ್ವಾಲೆ ಸಾಲಿನುದ್ದಕ್ಕೂ ನೀಲಿಯಿರಬೇಕು, ನಳ ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಹೊಸದನ್ನೇ ಕೊಳ್ಳುವ ಪರಿಸ್ಥಿತಿ ಬಂದರೆ ಐಎಸ್ 15558ರ ಐಎಸ್‌ಐ ಗುರುತು ಇರುವುದನ್ನು, ಆಮ್ಲಜನಕ ಕಡಿಮೆಯಾದಾಗ ತಾನೇ ಆರುವ ವ್ಯವಸ್ಥೆ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಮತ್ತು ಅದನ್ನು ಕೂರಿಸುವ ಜಾಗ ಬಚ್ಚಲಿನ ಹೊರಗೆ ಎಂದು ಹಣ ಕೊಡುವ ಮೊದಲೇ ತೀರ್ಮಾನಿಸಿಕೊಳ್ಳಿ.